ಬಿಡಿಬಿಡಿಯಾಗಿ ಎಲ್ಲವೂ ಸರಿ, ಜೋಡಿಸಿದರೆ ಯಂತ್ರ ತಪ್ಪು: ಈ ಅಭಿವೃದ್ಧಿ ಕೆಲಸವನ್ನು ನಡೆಸುವುದು ಹೇಗೆ?

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ)

ಮಾನ್ಯರೇ, ಹಲವು ವರ್ಷಗಳಿಂದ ಸಾಮಾನ್ಯ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ನಡೆಯುವ) ಪ್ರೆಸ್ ತಯಾರಿಸುತ್ತಿರುವ ನಮ್ಮ ಘಟಕವು ಪ್ರೊಪೋರ್ಷನಲ್ ವಾಲ್ವ್ (ಕೊಟ್ಟ ಸಂಕೇತಕ್ಕೆ ತಕ್ಕಷ್ಟು ಎಣ್ಣೆ ಹರಿಯಬಿಡುವ ಕವಾಟ), ಸ್ಥಾನ ಅಳೆಯುವ ಸೆನ್ಸರ್ ಹಾಗೂ ನಮ್ಮದೇ ಕಂಟ್ರೋಲ್ ಕಾರ್ಡ್ (ಯಂತ್ರವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಫಲಕ) ಇರುವ ಪ್ರೆಸ್ ಒಂದನ್ನು ರೂಪಿಸಲು ಹೊರಟು ಎಂಟು ತಿಂಗಳಾಯಿತು. ಸಿಲಿಂಡರ್‌ನ ಒಳವ್ಯಾಸ ಬದಲಾದ ಸಂಗತಿಯು ತಂತ್ರಾಂಶ ಬರೆಯುವವರಿಗೆ ತಿಳಿದದ್ದು ಯಂತ್ರ ಜೋಡಿಸಿದ ಮೇಲೆ. ಬೆಳಿಗ್ಗೆ ಗುರುತಿಗೆ ಸರಿಯಾಗಿ ನಿಲ್ಲುವ, ಪ್ರೆಸ್ಸಿನ ಒತ್ತುವ ದಂಡವಾದ ರ‍್ಯಾಮ್ ಮಧ್ಯಾಹ್ನ ಗುರುತು ದಾಟಿ ಹೋಗುತ್ತದೆ. ಯಂತ್ರಭಾಗ, ಕಾರ್ಡ್, ತಂತ್ರಾಂಶ ಈ ಮೂರೂ ವಿಭಾಗದವರು ತಮ್ಮ ಭಾಗ ಸರಿಯಿದೆ ಎನ್ನುತ್ತಾರೆ. ಬೇರೆಯಾಗಿ ಪರೀಕ್ಷಿಸಿದರೆ ಅದು ನಿಜವೂ ಹೌದು. ವಿನ್ಯಾಸದಲ್ಲಿ ಬದಲಾವಣೆಗೆ ಎಲ್ಲಿಯವರೆಗೆ ಅವಕಾಶ ಕೊಡಬೇಕು, ಕೊನೆಯ ತೀರ್ಮಾನ ಯಾರದಾಗಿರಬೇಕು?

ಉತ್ತರ 1 (ಬಾಗಲಕೋಟೆ)

ದೋಷವಿರುವುದು ವಿಭಾಗಗಳ ಒಳಗಲ್ಲ, ಅವು ಕೂಡುವ ಗಡಿಯಲ್ಲಿ. ಆ ಗಡಿಯನ್ನು ಎರಡು ಪುಟಗಳಲ್ಲಿ ಬರೆದಿಡಿ: ಒಳವ್ಯಾಸ, ಸ್ಟ್ರೋಕ್ (ದಂಡ ಒಂದು ಸಲ ಚಲಿಸುವ ದೂರ), ಪ್ರತಿಯೊಂದು ಅಳತೆಯ ಮಾನ, ಧನ ವೋಲ್ಟೇಜ್ ಕೊಟ್ಟಾಗ ರ‍್ಯಾಮ್ ಮೇಲೆ ಹೋಗುತ್ತದೆಯೋ ಕೆಳಗಿಳಿಯುತ್ತದೆಯೋ, ಸೆನ್ಸರ್ ತಂತಿ ಕಡಿದರೆ ವಾಲ್ವ್ ಯಾವ ಸ್ಥಿತಿಗೆ ಬರಬೇಕು. ಸೆನ್ಸರ್ 4ರಿಂದ 20 ಮಿಲಿಆಂಪಿಯರ್‌ನದಾಗಿದ್ದರೆ ಶೂನ್ಯ ಸ್ಥಾನಕ್ಕೂ 4 ಮಿಲಿಆಂಪಿಯರ್ ಬರುವುದರಿಂದ, ಪ್ರವಾಹವೇ ಇಲ್ಲವಾದಾಗ ತಂತಿ ಕಡಿದದ್ದನ್ನು ಕಾರ್ಡ್ ಗುರುತಿಸಬಲ್ಲದು. ಆದರೆ ಹಾಗೆ ಗುರುತಿಸಬೇಕೆಂದು ಯಾರಾದರೂ ಬರೆದು ಕೊಟ್ಟಿರಬೇಕು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಾಶವಾದದ್ದು ಒಂದು ತಂಡದ ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ತಂಡ ನ್ಯೂಟನ್ ಎಂದು ಬಳಸಿದ್ದರಿಂದ. ಆ ಎರಡು ಪುಟಗಳನ್ನು ತಿದ್ದುವ ಅಧಿಕಾರವು ಯಾವುದೇ ವಿಭಾಗದ ಮುಖ್ಯಸ್ಥರಲ್ಲದ, ಇಡೀ ಯಂತ್ರಕ್ಕೆ ಹೊಣೆಯಾದ ಒಬ್ಬರಲ್ಲಿರಲಿ.

ಉತ್ತರ 2 (ವಿಜಯಪುರ)

ಮಧ್ಯಾಹ್ನದ ತೊಂದರೆಗೆ ಮೊದಲು ಎಣ್ಣೆಯ ಉಷ್ಣತೆಯನ್ನು ನೋಡಿ. ವಿಜಿ 46 ದರ್ಜೆಯ ಎಣ್ಣೆ ಎಂದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ (ಹರಿಯುವಿಕೆಗೆ ಒಡ್ಡುವ ತಡೆ) ಸುಮಾರು 46 ಸೆಂಟಿಸ್ಟೋಕ್ ಎಂದರ್ಥ. 60 ಡಿಗ್ರಿಗೆ ಏರಿದರೆ ಅದು ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಆಗ ಒಳಸೋರಿಕೆ ಹೆಚ್ಚುತ್ತದೆ, ಬೆಳಿಗ್ಗೆ ಹೊಂದಿಸಿದ ಗೇನ್ (ಸ್ಥಾನದ ತಪ್ಪಿಗೆ ಕಾರ್ಡ್ ಎಷ್ಟು ಬಲವಾಗಿ ಪ್ರತಿಕ್ರಿಯಿಸಬೇಕೆಂಬ ಅಂಕಿ) ಮಧ್ಯಾಹ್ನಕ್ಕೆ ಹೊಂದುವುದಿಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ನಡೆಯಬೇಕಾದ ಯಂತ್ರಕ್ಕೆ ಉಷ್ಣತೆಯೂ ವಿನ್ಯಾಸದ ಒಂದು ಅಂಕಿಯೇ ಹೊರತು ಪರೀಕ್ಷೆಯಲ್ಲಿ ಎದುರಾಗುವ ಅಡಚಣೆಯಲ್ಲ. ಟ್ಯಾಂಕಿಗೆ ಒಂದು ಉಷ್ಣತಾ ಸೆನ್ಸರ್ ಹಾಕಿ, ಪ್ರತಿ ಸ್ಟ್ರೋಕಿನ ಜೊತೆಗೆ ಅದನ್ನೂ ದಾಖಲಿಸಿ.

ಉತ್ತರ 3 (ಬೆಳಗಾವಿ, ಎಂಜಿನಿಯರಿಂಗ್ ಅಧ್ಯಾಪಕ)

ಗಡಿಯನ್ನು ಬರೆದಿಡಬೇಕೆಂಬುದನ್ನು ಒಪ್ಪುತ್ತೇನೆ, ಆದರೆ ಬರಹವೊಂದೇ ಸಾಲದು. ಜರ್ಮನಿಯ ಎಂಜಿನಿಯರುಗಳ ಸಂಘವಾದ ವಿಡಿಐನ 2004ರ 2206 ಸಂಖ್ಯೆಯ ಮಾರ್ಗಸೂಚಿಯು ಮೆಕಟ್ರಾನಿಕ್ (ಯಂತ್ರ, ಎಲೆಕ್ಟ್ರಾನಿಕ್ಸ್, ತಂತ್ರಾಂಶ ಕೂಡಿದ) ಉತ್ಪನ್ನಗಳಿಗೆ ಹೇಳುವ ವಿ-ಮಾದರಿಯಲ್ಲಿ V ಅಕ್ಷರದ ಎಡಗೆರೆಯಲ್ಲಿ ವಿನ್ಯಾಸ ಇಡೀ ಯಂತ್ರದಿಂದ ಬಿಡಿಭಾಗಗಳಿಗೆ ಇಳಿಯುತ್ತದೆ, ಬಲಗೆರೆಯಲ್ಲಿ ಜೋಡಣೆ ಮತ್ತು ಪರೀಕ್ಷೆ ಏರುತ್ತವೆ. ಇದನ್ನು ಒಂದೇ ಸಲ ಇಳಿದು ಒಂದೇ ಸಲ ಏರುವುದೆಂದು ತಿಳಿಯುವುದು ದೊಡ್ಡ ತಪ್ಪು. ಒಂದು ಉತ್ಪನ್ನಕ್ಕೆ ಆ ಸುತ್ತನ್ನು ಹಲವು ಸಲ ಹಾಕಬೇಕಾಗುತ್ತದೆ. ಎರಕ ಬರುವವರೆಗೆ ಕಾಯದೆ, ನಿಮ್ಮಲ್ಲಿರುವ ಹಳೆಯ ಪ್ರೆಸ್ಸಿಗೇ ವಾಲ್ವ್ ಮತ್ತು ಕಾರ್ಡ್ ಕೂಡಿಸಿ ನಡೆಸಬಹುದಿತ್ತು. ಈ ಎರಡೂ ತೊಂದರೆಗಳು ಎರಡನೆಯ ತಿಂಗಳಿನಲ್ಲೇ ಕಾಣಿಸುತ್ತಿದ್ದವು. ಇನ್ನು, ವಿನ್ಯಾಸದ ಬದಲಾವಣೆಗಳನ್ನು ಒಂದೇ ದಿನ ಪೂರ್ತಿಯಾಗಿ ನಿಲ್ಲಿಸಬೇಡಿ. ಪ್ಯಾಟರ್ನ್ (ಎರಕದ ಅಚ್ಚು ಮಾಡುವ ಮಾದರಿ) ತಿದ್ದಿ ಮತ್ತೆ ಎರಕ ಹೊಯ್ಯಲು ವಾರಗಳು ಬೇಕು, ತಂತ್ರಾಂಶದ ಒಂದು ಸಾಲಿಗೆ ಒಂದು ದಿನ ಸಾಕು; ಆದ್ದರಿಂದ ಎರಕದ ಭಾಗದ ಬದಲಾವಣೆ ಮೊದಲು, ಆಮೇಲೆ ಕಾರ್ಡಿನದು, ಕಡೆಗೆ ತಂತ್ರಾಂಶದ್ದು ನಿಲ್ಲಲಿ. ಎರಕಕ್ಕೆ ಹೋಗುವ ಮುನ್ನ ಕಾರ್ಡಿನ ಪೆಟ್ಟಿಗೆಗೂ ತಂತಿಗಳಿಗೂ ಜಾಗ ಬಿಟ್ಟಿದೆಯೇ ಎಂದು ಆ ಕೆಲಸದವರೇ ನಕ್ಷೆಯ ಮೇಲೆ ಸಹಿ ಹಾಕಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂದು ಮಧ್ಯಾಹ್ನ ಟ್ಯಾಂಕಿನ ಎಣ್ಣೆ 58 ಡಿಗ್ರಿ ಇತ್ತು, ಬೆಳಿಗ್ಗೆ 29. ಹಳೆಯ ಪ್ರೆಸ್ ಒಂದನ್ನು ಕಾರ್ಡಿನ ಪರೀಕ್ಷೆಗೆಂದೇ ತೆಗೆದಿರಿಸಿದ್ದೇವೆ. ಒಂದು ವಾರದ ದಾಖಲೆಗಳನ್ನು ಇಲ್ಲಿಯೇ ಹಾಕುತ್ತೇನೆ, ದಯವಿಟ್ಟು ನೋಡಿ ಹೇಳಿ.