ಬ್ಯಾಡ್ಮಿಂಟನ್ ಸಿಂಗಲ್ಸ್: ಸ್ಮ್ಯಾಷ್ ಹೊಡೆದ ಮೇಲೆ ರ‍್ಯಾಲಿ ಕೈತಪ್ಪುತ್ತಿದೆ, ಪರಿಹಾರ ಬೇಕು

ಬಿಳಿಗರಿ:
ಮೊದಲಿನಿಂದ ಡಬಲ್ಸ್ ಆಡಿಕೊಂಡಿದ್ದವನು, ನಾಲ್ಕು ತಿಂಗಳಿಂದ ಸಿಂಗಲ್ಸ್ ಆಡುತ್ತಿದ್ದೇನೆ. 11 ಅಂಕಕ್ಕೆ ಸಿಗುವ ವಿರಾಮದವರೆಗೆ ಸಮಸಮವಾಗಿ ಹೋಗಿ, ಆಮೇಲೆ ಸಾಲಾಗಿ ಅಂಕ ಬಿಟ್ಟುಕೊಡುತ್ತೇನೆ. ಷಟಲ್ ಎತ್ತರದಲ್ಲಿ ಬಂದರೆ ಸಾಕು, ಕೈ ತಾನಾಗಿ ಮೇಲಿಂದ ಬಿರುಸಾಗಿ ಕೆಳಕ್ಕೆ ಬಡಿಯುವ ಸ್ಮ್ಯಾಷ್‌ಗೆ ಹೋಗುತ್ತದೆ. ಕೆಲವು ನೆಟ್‌ಗೆ ಬಡಿಯುತ್ತವೆ. ದಾಟಿದವುಗಳಿಗೆ ಎದುರಾಳಿ ಸುಮ್ಮನೆ ರಾಕೆಟ್ ಒಡ್ಡಿ ನೆಟ್ ಪಕ್ಕದಲ್ಲೇ ಬೀಳಿಸುತ್ತಾರೆ. ನನಗೆ ದಮ್ಮು ಸಾಲದೋ, ಸ್ಮ್ಯಾಷ್‌ನ ವೇಗ ಸಾಲದೋ?

ನೆಟ್ಟಂಚು:
ಎರಡೂ ಇರಲಾರದು. ಸ್ಮ್ಯಾಷ್ ಹೊಡೆಯುವಾಗ ಎಲ್ಲಿ ನಿಂತಿರುತ್ತೀರಿ? ಮೈಭಾರ ಮುಂದಕ್ಕಿರುತ್ತದೆಯೋ ಹಿಂದಕ್ಕೋ? ಒಂದು ಗೇಮ್ ಮೊಬೈಲ್‌ನಲ್ಲಿ ಹಿಡಿದು ನೋಡಿ.

ಬಿಳಿಗರಿ:
ನೋಡಿದೆ. ಬಹುಪಾಲು ಹಿಂದಿನ ಗೆರೆಯ ಹತ್ತಿರ. ಷಟಲ್ ತಲೆ ದಾಟಿದ ಮೇಲೆ ಬೆನ್ನು ಬಗ್ಗಿಸಿ ಹೊಡೆಯುತ್ತಿದ್ದೇನೆ. ಹೊಡೆದ ಮೇಲೂ ಒಂದು ಹೆಜ್ಜೆ ಹಿಂದಕ್ಕೇ ಬೀಳುತ್ತಿದೆ.

ನೆಟ್ಟಂಚು:
ಆ ಒಂದು ಹೆಜ್ಜೆಯೇ ನಿಮ್ಮ ಅಂಕ ತಿನ್ನುತ್ತಿದೆ. ಹಿಂದಿನ ಗೆರೆಯಿಂದ ನೆಟ್‌ಗೆ 6.7 ಮೀಟರ್. ಗರಿಯ ಷಟಲ್ ಗಾಳಿಯಲ್ಲಿ ಬಲುಬೇಗ ಬಿರುಸು ಕಳೆದುಕೊಳ್ಳುತ್ತದೆ, ಆದ್ದರಿಂದ ಎದುರಾಳಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಡಬಲ್ಸ್‌ನಲ್ಲಿ ಮುಂದೆ ಜೊತೆಗಾರರು ಕಾಯುತ್ತಿದ್ದರು. ಇಲ್ಲಿ ಹಿಂದಕ್ಕೆ ವಾಲಿದ ನೀವೇ ಮುಂದಕ್ಕೆ ಓಡಬೇಕು.

‘ಇದರಿಂದ ಅಂಕ ಬರುತ್ತದೆಯೇ’ ಎಂಬ ಪ್ರಶ್ನೆ ಬಿಡಿ. ‘ಇದಕ್ಕೆ ಉತ್ತರ ಬರುವಾಗ ನಾನು ಎಲ್ಲಿರುತ್ತೇನೆ’ ಎಂದು ಕೇಳಿಕೊಳ್ಳಿ. ಷಟಲ್‌ನ ಹಿಂದೆ ಮೊದಲೇ ತಲುಪಿ, ಅದು ಹಣೆಯ ಮುಂದಿದ್ದರೆ ಸ್ಮ್ಯಾಷ್ ಅಥವಾ ಡ್ರಾಪ್ (ನೆಟ್ ದಾಟಿದ ಕೂಡಲೇ ಬೀಳುವ ಮೆಲು ಹೊಡೆತ) ನಿಮ್ಮದು. ತಡವಾದರೆ ಎದುರಾಳಿಯ ಹಿಂದಿನ ಗೆರೆಯವರೆಗೆ ಹೋಗುವ ಎತ್ತರದ ಕ್ಲಿಯರ್, ಅದೂ ಹಿಂಭಾಗದ ನಡುವಿಗೆ. ನಡುವಿನಿಂದ ಎದುರಾಳಿಗೆ ಎರಡೂ ಬದಿಗೆ ಸಿಗುವ ಕೋನ ಕಿರಿದು. ತಡವಾದಾಗ ಓರೆ ಹೊಡೆತ ಮಾತ್ರ ಬೇಡ. ಅವರು ಅದನ್ನು ನೇರವಾಗಿ ಹೊಡೆದರೆ ನೀವು ಇಡೀ ಅಂಕಣ ಅಡ್ಡ ಓಡಬೇಕಾಗುತ್ತದೆ.

ಹಿಂಗೆರೆ:
ಬರೀ ಕ್ಲಿಯರ್ ಹೊಡೆಯುತ್ತಿದ್ದರೆ ಎದುರಾಳಿಯೇ ಸ್ಮ್ಯಾಷ್ ಹೊಡೆಯುವುದಿಲ್ಲವೇ? ನನಗೆ ಹಾಗೇ ಆಗಿ ಎರಡು ಗೇಮ್ ಕಳೆದುಕೊಂಡೆ.

ನೆಟ್ಟಂಚು:
ಕ್ಲಿಯರ್ ಅರ್ಧಕ್ಕೇ ಬಿದ್ದರೆ ಹೌದು. ಹಿಂದಿನ ಗೆರೆಯವರೆಗೆ ಹೋದರೆ, ಬಿಳಿಗರಿಯವರ ಇಕ್ಕಟ್ಟು ಈಗ ಅವರದಾಗುತ್ತದೆ. ಅವಸರಪಟ್ಟು ಅವರು ಎತ್ತುವ ಷಟಲ್ ಅರ್ಧಕ್ಕೇ ಬೀಳುವವರೆಗೆ ಕಾಯಬೇಕು. ಆ ಕಾಯುವಿಕೆಯನ್ನು ಹೇಡಿತನ ಎನ್ನುವವರನ್ನು ನಾನು ಒಪ್ಪುವುದಿಲ್ಲ, ಅದೂ ದಾಳಿಯೇ.

ಬಿಳಿಗರಿ:
ಎರಡು ವಾರ ಪ್ರಯತ್ನಿಸಿದೆ. ನಿನ್ನೆ 16–16ರಲ್ಲಿ ಐದು ಕ್ಲಿಯರ್ ಆದವು. ಪ್ರತಿ ಸಲವೂ ಸ್ಮ್ಯಾಷ್‌ಗೆ ತೋಳು ತುಡಿಯುತ್ತಿತ್ತು, ತಡೆದೆ. ಆರನೆಯದಕ್ಕೆ ಅವರು ಎಡವುತ್ತಾ ಎತ್ತಿದ ಷಟಲ್ ಸರ್ವ್ ಗೆರೆಯಿಂದ ಒಂದು ಹೆಜ್ಜೆ ಹಿಂದಷ್ಟೇ ಬಂತು. ಮೆಲ್ಲಗೆ ಹೊಡೆದರೂ ಅಂಕ ಬಂತು. ಗೇಮ್ 21–18ಕ್ಕೆ ನನ್ನದಾಯಿತು! ಆದರೆ ಬ್ಯಾಕ್‌ಹ್ಯಾಂಡ್ ಮೂಲೆಯಿಂದ (ರಾಕೆಟ್ ಹಿಡಿಯದ ಕೈಯ ಬದಿ) ನನ್ನ ಕ್ಲಿಯರ್ ಹಿಂದಿನವರೆಗೆ ಹೋಗುವುದೇ ಇಲ್ಲ.

ನೆಟ್ಟಂಚು:
ಬಹಳ ಸಂತೋಷವಾಯಿತು. ಆ ಮೂಲೆಯಲ್ಲಿ ಸದ್ಯಕ್ಕೆ ಕ್ಲಿಯರ್ ಬಿಡಿ, ಅದೇ ಬದಿಗೆ ನೇರ ಡ್ರಾಪ್ ಹಾಕಿ ಕೂಡಲೇ ಮುಂದಕ್ಕೆ ಬನ್ನಿ. ಹೆಬ್ಬೆರಳಿನ ಹಿಡಿತ ಹೇಗಿದೆ ಎಂಬುದರ ಚಿತ್ರ ಹಾಕಿ, ನೋಡೋಣ.