ಸಹಾಯ ಬೇಕು: ಮನೆಯ ದಾರಿಗೆ ಎಷ್ಟು ಟನ್ ಡಾಂಬರು ಮಿಶ್ರಣ ತರಿಸಬೇಕು?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಗೇಟಿನಿಂದ ಅಂಗಳದವರೆಗಿನ 40 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಗೆ ಮಳೆಗಾಲಕ್ಕೆ ಮುನ್ನ ಡಾಂಬರು ಹಾಕಿಸಬೇಕಾಗಿದೆ. ರೋಲರ್ ಹೊಡೆದ ಮೇಲೆ 50 ಮಿಲಿಮೀಟರ್ ದಪ್ಪ ಉಳಿಯಬೇಕೆಂದರೆ 6 ಘನ ಮೀಟರ್ ಆಗುತ್ತದೆ. ಅಡಕವಾದ ಮಿಶ್ರಣವು ಘನ ಮೀಟರಿಗೆ ಸುಮಾರು 2.4 ಟನ್ ತೂಗುವುದರಿಂದ 14.4 ಟನ್ ಸಾಕೆಂಬುದು ನನ್ನ ಲೆಕ್ಕ. ಗುತ್ತಿಗೆದಾರರು 18 ಟನ್ ಎನ್ನುತ್ತಾರೆ. ಅವರು ಸಡಿಲವಾಗಿ ಹರಡಿದಾಗಿನ ದಪ್ಪವನ್ನು ಹಿಡಿದು, ಅದಕ್ಕೆ ಅಡಕವಾದ ಮಿಶ್ರಣದ ತೂಕವನ್ನೇ ಗುಣಿಸಿರಬಹುದೇ? ಗೇಟಿನ ಬಳಿ ಕಾರು ತಿರುಗುವಲ್ಲಿ ಚಕ್ರದ ಜಾಡು ತಗ್ಗಾಗಿ ನೀರು ನಿಲ್ಲುತ್ತದೆ. ಅದನ್ನು ಮೊದಲು ಜಲ್ಲಿಯಿಂದಲೇ ತುಂಬಿಸಿ ಗಟ್ಟಿ ಮಾಡಿಸುವುದು ಸರಿಯೆಂದು ನನ್ನ ಅಭಿಪ್ರಾಯ. ಬಿಸಿ ಮಿಶ್ರಣ ಕಡಿಮೆ ಬಿದ್ದರೆ ಸ್ವಲ್ಪಕ್ಕಾಗಿ ಮತ್ತೆ ಲಾರಿ ತರಿಸುವುದು ಕಷ್ಟವಾದ್ದರಿಂದ, ಪೋಲಾಗುವುದಕ್ಕೆಂದು ಶೇಕಡಾ ಎಷ್ಟು ಹೆಚ್ಚಿಗೆ ಹಿಡಿಯಬೇಕೆಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.