ಫ್ರಾನ್ಸ್ ಪಕ್ಕದಲ್ಲೇ ಇದ್ದರೂ ಇಂಗ್ಲಿಷರು ಪೋರ್ಟ್ ಯಾಕೆ ಕುಡಿಯುತ್ತಿದ್ದರು?

ಪುಸ್ತಕದಹುಳು:
ಹಳೇ ಇಂಗ್ಲಿಷ್ ಕಾದಂಬರಿಗಳಲ್ಲಿ ಮುಳುಗಿದ್ದೇನೆ. ಊಟ ಮುಗಿದು ಹೆಂಗಸರು ಎದ್ದುಹೋದ ಮೇಲೆ ಗಂಡಸರು ಕೂತು ಕುಡಿಯೋದು ಹೆಚ್ಚಾಗಿ ಪೋರ್ಟ್, ಪೋರ್ಚುಗಲ್‌ನ ವೈನ್. ಕಡಲ್ಗಾಲುವೆ ದಾಟಿದರೆ ಫ್ರಾನ್ಸ್, ವೈನಿಗೇ ಹೆಸರಾದ ದೇಶ. ಅದನ್ನು ಬಿಟ್ಟು ಅಷ್ಟು ದೂರದಿಂದ ತರಿಸುತ್ತಿದ್ದದ್ದು ಬರೀ ನಾಲಿಗೆ ರುಚಿಗಾ?

ನಿವೃತ್ತ ಗುಮಾಸ್ತ:
ರುಚಿ ಆಮೇಲೆ ಬಂತು, ಮೊದಲು ಬಂದದ್ದು ಸುಂಕ. ಇಪ್ಪತ್ತು ವರ್ಷ ಆಮದು ಕಾಗದಪತ್ರ ಬರೆದವನು ನಾನು, ಈ ಮಾತು ಬಂದರೆ ಸುಮ್ಮನಿರೋಕಾಗಲ್ಲ.

1678ರಲ್ಲಿ ಇಂಗ್ಲೆಂಡು ಫ್ರೆಂಚ್ ವೈನನ್ನೇ ನಿಷೇಧಿಸಿತು. 1685ರಲ್ಲಿ ನಿಷೇಧ ತೆಗೆದರು, 1689ರಲ್ಲಿ ಯುದ್ಧ ಶುರುವಾದಾಗ ಮತ್ತೆ ಹಾಕಿದರು. ಅದು ಹೋದ ಮೇಲೂ ಭಾರೀ ಸುಂಕ ಉಳಿಯಿತು. 1703ರ ಡಿಸೆಂಬರಿನಲ್ಲಿ ಲಿಸ್ಬನ್‌ನಲ್ಲಿ ಮೆಥ್ಯುಯೆನ್ ಒಪ್ಪಂದ ಆಯ್ತು. ಪೋರ್ಚುಗಲ್ ಇಂಗ್ಲಿಷ್ ಉಣ್ಣೆ ಬಟ್ಟೆಯನ್ನು ಒಳಗೆ ಬಿಡಬೇಕು. ಇಂಗ್ಲೆಂಡು ಪೋರ್ಚುಗೀಸ್ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ ಹಾಕಬೇಕು. ಮೂರೇ ಮೂರು ಕಲಮು! ಈಗಿನ ಒಪ್ಪಂದಗಳ ಅನುಬಂಧ ತಿರುವಿ ಕಣ್ಣು ಕೆಡಿಸಿಕೊಂಡ ನಮ್ಮಂಥವರಿಗೆ ಹೊಟ್ಟೆಕಿಚ್ಚು.

ಆದರೆ ದರ ಒಂದನ್ನೇ ನೋಡಬೇಡಿ, ಸುಂಕ ಯಾವುದರ ಮೇಲೆ ಅಂತ ನೋಡಿ. ಅದು ಬೆಲೆಯ ಮೇಲಲ್ಲ, ಅಳತೆಯ ಮೇಲಿತ್ತು. ಪೀಪಾಯಿಗೆ 50 ಪೌಂಡ್ ಅಂದ್ಕೊಳ್ಳಿ. 10 ಪೌಂಡಿನ ವೈನ್ 60 ಆಗುತ್ತೆ, ಆರು ಪಟ್ಟು. 100 ಪೌಂಡಿನದು 150, ಬರೀ ಒಂದೂವರೆ ಪಟ್ಟು. ಹಾಗಾಗಿ ಶ್ರೀಮಂತರ ಮೇಜಿಗೆ ಫ್ರಾನ್ಸಿನ ಬೋರ್ಡೋದ ಒಳ್ಳೇ ಮಾಲು ಬರುತ್ತಲೇ ಇತ್ತು. ಅಗ್ಗದ ಫ್ರೆಂಚ್ ವೈನ್ ಮಾತ್ರ ಬಂದರಿಗೇ ಬರಲಿಲ್ಲ.

ಸಂಶಯಪಿಶಾಚಿ:
ಒಂದು ನಿಮಿಷ ಸರ್. 1817ರಲ್ಲಿ ಅರ್ಥಶಾಸ್ತ್ರಜ್ಞ ರಿಕಾರ್ಡೋ ಕೊಟ್ಟ ಉದಾಹರಣೆ ಇದೇ ಅಲ್ವಾ, ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್‌ನ ವೈನ್? ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಮುಕ್ತ ವ್ಯಾಪಾರ ಕಲಿಸೋ ಉದಾಹರಣೆ ಸುಂಕದ ರಿಯಾಯಿತಿಯ ಕೂಸಾ?

ನಿವೃತ್ತ ಗುಮಾಸ್ತ:
ಅದೇ ತಮಾಷೆ. ಅವನಿಗಿಂತ ಮೊದಲೇ ಆಡಮ್ ಸ್ಮಿತ್ ಈ ಒಪ್ಪಂದವನ್ನು ಪೂರ್ತಿ ಎತ್ತಿ ಬರೆದು, ಇದರಿಂದ ಇಂಗ್ಲೆಂಡಿಗೇ ನಷ್ಟ ಅಂದಿದ್ದ.

1786ರಲ್ಲಿ ಫ್ರಾನ್ಸ್ ಜೊತೆ ಒಪ್ಪಂದವಾಗಿ ಫ್ರೆಂಚ್ ವೈನಿನ ಸುಂಕ ಇಳಿಸಿದರು. ಮೂರನೇ ಒಂದರ ಅಂತರ ಉಳೀಬೇಕಲ್ಲ, ಪೋರ್ಚುಗೀಸರದನ್ನೂ ಇಳಿಸಬೇಕಾಯ್ತು. 1793ರಲ್ಲಿ ಮತ್ತೆ ಯುದ್ಧ, ಎಲ್ಲ ನೀರುಪಾಲು.

ಪುಸ್ತಕದಹುಳು:
ರಿಯಾಯಿತಿ ಹೋದಮೇಲಾದರೂ ಫ್ರೆಂಚ್ ವೈನ್ ಬಂತಾ?

ನಿವೃತ್ತ ಗುಮಾಸ್ತ:
1831ರಲ್ಲಿ ದರ ಸಮ ಮಾಡಿದರು, ಆದರೂ ಏನೂ ಆಗಲಿಲ್ಲ. ಲೆಕ್ಕ ಅಳತೆಯ ಮೇಲೇ ಇತ್ತಲ್ಲ. ಬದಲಾದದ್ದು ಫ್ರಾನ್ಸ್ ಜೊತೆಗಿನ 1860ರ ಕಾಬ್ಡೆನ್-ಷೆವಾಲಿಯೇ ಒಪ್ಪಂದದಿಂದ. ಹಣಕಾಸು ಮಂತ್ರಿ ಗ್ಲಾಡ್‌ಸ್ಟನ್ ಮೊದಲು ಸುಂಕವನ್ನು ಗ್ಯಾಲನ್ನಿಗೆ 3 ಶಿಲ್ಲಿಂಗಿಗೆ ಇಳಿಸಿದ. ಆಮೇಲೆ ಮದ್ಯಸಾರದ ಲೆಕ್ಕ ಬಂತು: ಆಗಿನ ಇಂಗ್ಲಿಷ್ ಮದ್ಯಸಾರದ ಅಳತೆಯಲ್ಲಿ 26 ಡಿಗ್ರಿಗಿಂತ ಕಡಿಮೆ ಇದ್ದರೆ 1 ಶಿಲ್ಲಿಂಗ್, ಹೆಚ್ಚಿದ್ದರೆ 2 ಶಿಲ್ಲಿಂಗ್ 6 ಪೆನ್ಸ್. ತೆಳು ಫ್ರೆಂಚ್ ವೈನಿನ ಆಮದು ಹತ್ತು ವರ್ಷದಲ್ಲಿ ಹಲವು ಪಟ್ಟು ಏರಿತು. ಬ್ರಾಂದಿ ಬೆರೆಸಿದ ಪೋರ್ಟ್, ಸ್ಪೇನಿನ ಶೆರ್ರಿ ಎರಡೂ ಹೆಚ್ಚಿನ ದರಕ್ಕೆ ಸಿಕ್ಕಿಬಿದ್ದವು. ಆ 26ರ ಗೆರೆ ಮೇಲೆ ಸ್ಪೇನ್ ವರ್ಷಗಟ್ಟಲೆ ಜಗಳಾಡಿ, 1886ರಲ್ಲಿ ಅದನ್ನು 30ಕ್ಕೆ ಏರಿಸಿಕೊಂಡಿತು.